ಬಣ್ಣಗಳ ಅರ್ಥ: ಮನೆ, ಹಬ್ಬ, ಬಟ್ಟೆಬರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಜವಳಿಗೆ ಹೊರಟವರು, ಸೀಮಂತಕ್ಕೆ ಸೀರೆ ಹುಡುಕುವವರು, ಮನೆಗೆ ಸುಣ್ಣಬಣ್ಣ ಮಾಡಿಸುವವರು, ಪರದೇಶದಲ್ಲಿ ಕೂತು ಹಬ್ಬ ಮಾಡುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಈ ಬಣ್ಣ ಆಗುತ್ತಾ, ಆಗಲ್ವಾ?" ಇಲ್ಲಿರುವ ಉತ್ತರಗಳು ಬಹುಪಾಲು ಕರ್ನಾಟಕದ ರೂಢಿಯನ್ನು ಹಿಡಿದು ಬರೆದವು. ಊರಿಂದ ಊರಿಗೆ, ಮನೆತನದಿಂದ ಮನೆತನಕ್ಕೆ ಪದ್ಧತಿ ಬೇರೆಯಾಗುತ್ತದೆ. ನಿಮ್ಮ ಮನೆಯ ಹಿರಿಯರು ಬೇರೆ ರೀತಿ ಹೇಳಿದರೆ ಅವರದೂ ಸರಿಯೇ ಇರಬಹುದು.

ಒಂದೊಂದು ಬಣ್ಣಕ್ಕೂ ಒಂದೊಂದು ಖಚಿತ ಅರ್ಥ ಇದೆಯೇ?

ಇಲ್ಲ. ಕೆಂಪು ಅಂದರೆ ಪ್ರೀತಿ, ಹಳದಿ ಅಂದರೆ ಸ್ನೇಹ, ಕಪ್ಪು ಅಂದರೆ ಕೇಡು ಎಂಬ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ನಮ್ಮ ಬದುಕಿಗೆ ತಂದು ಹಚ್ಚಿದರೆ ಅವು ಅರ್ಧ ದಿನವೂ ನಿಲ್ಲುವುದಿಲ್ಲ. ಮದುವೆ ಮನೆಗೆ ಕರಿ ಸೀರೆ ಉಡಬೇಡ ಅನ್ನುವ ಅಜ್ಜಿಯ ಕೊರಳಲ್ಲೇ ಕರಿಮಣಿ ಸರ ಇರುತ್ತದೆ. ಸಾವಿನ ಮನೆಯಲ್ಲಿ ಹೊದಿಸುವುದು ಬಿಳಿ ಬಟ್ಟೆ, ಮದುಮಗ ಉಡುವುದೂ ಬಿಳಿ ಪಂಚೆ. ಬಣ್ಣ ಒಂದೇ, ಅದು ಯಾವ ವಸ್ತುವಿನ ಮೇಲಿದೆ, ಯಾವ ಹೊತ್ತಿನಲ್ಲಿ ಬಂತು, ಯಾರ ಕೈಯಿಂದ ಬಂತು ಅನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ಕೆಳಗಿನ ಉತ್ತರಗಳನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅರಿಶಿನ ಮತ್ತು ಕುಂಕುಮ ಯಾವಾಗಲೂ ಜೋಡಿಯಾಗಿಯೇ ಬರುವುದೇಕೆ?

ಎರಡೂ ಒಂದೇ ಕೊಂಬಿನಿಂದ ಹುಟ್ಟಿದವು. ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ತಟ್ಟೆಯಲ್ಲಿ ನೀರು ಹಾಕಿ ಚಿಟಿಕೆ ಅರಿಶಿನ ಕದಡಿ. ಎಲೆ ಅಡಿಕೆ ತಟ್ಟೆಯಲ್ಲಿರುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಬೆರಳಿನಿಂದ ನೀರಿಗೆ ತಿರುವಿ. ಬೆರಳು ಹೋದ ದಾರಿಯಲ್ಲೇ ಕೆಂಪು ಗೆರೆ ಏಳುತ್ತದೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ತಟ್ಟೆಯ ನೀರೆಲ್ಲ ಕೆಂಪು. ಇದೇ ನಮ್ಮ ಕೆಂಪಾರತಿಯ ನೀರು, ಓಕುಳಿ ನೀರು. ಹೊಸ ಸೊಸೆ ಹೊಸಿಲು ತುಳಿಯುವ ಮುಂಚೆ, ಬಾಣಂತಿ ಮಗುವಿನೊಂದಿಗೆ ಬಂದಾಗ, ಗೆದ್ದು ಬಂದವರಿಗೆ ಇದನ್ನೇ ನಿವಾಳಿಸಿ ಹೊರಗೆ ಚೆಲ್ಲುತ್ತಾರೆ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ಅಂಶ. ಸುಣ್ಣದಂಥ ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಹಳೆಯ ಪದ್ಧತಿಯಲ್ಲಿ ಮನೆಯಲ್ಲೇ ಕುಂಕುಮ ಮಾಡುವವರು ಅರಿಶಿನಕ್ಕೆ ನಿಂಬೆರಸದ ಜೊತೆ ಬಿಳಿಗಾರವನ್ನೂ ಸೇರಿಸಿ ನೆರಳಲ್ಲಿ ಒಣಗಿಸಿ ಕುಟ್ಟುತ್ತಿದ್ದರು. ಬರೀ ರಾಸಾಯನಿಕ ಬಣ್ಣದ ಪುಡಿಯೂ ಈಗ ಕುಂಕುಮದ ಹೆಸರಲ್ಲಿ ಮಾರಾಟವಾಗುತ್ತದೆ. ಹಚ್ಚಿದ ಜಾಗ ತುರಿಸಿದರೆ, ಕಪ್ಪಾದರೆ, ಅದನ್ನು ಹಣೆಗೆ ಇಡುವುದು ಬಿಟ್ಟುಬಿಡಿ.

ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚುವುದು ಯಾಕೆ?

ಮಗ್ಗದಿಂದ, ಅಂಗಡಿಯಿಂದ ಬಂದದ್ದನ್ನು ಮನೆಯದಾಗಿ ಮಾಡಿಕೊಳ್ಳುವ ಕ್ರಮ ಅದು. ಅದರಲ್ಲೂ ಅಚ್ಚ ಬಿಳಿ ಬಟ್ಟೆಯನ್ನು ಹಾಗೆಯೇ ಮೈಮೇಲೆ ಹಾಕಿಕೊಳ್ಳಬಾರದೆಂದು ಮೂಲೆಗೆ ಒಂದು ಬೊಟ್ಟು ಅರಿಶಿನ ಮುಟ್ಟಿಸುತ್ತಾರೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ, ತಾಳಿಯ ದಾರಕ್ಕೆ, ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಮುಟ್ಟಿಸುವುದೂ ಇದೇ ಕಾರಣಕ್ಕೆ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಅರಿಶಿನದ ಹೆಸರು ಭಂಡಾರ. "ಏಳುಕೋಟಿ ಏಳುಕೋಟಿ" ಎಂದು ಕೂಗುತ್ತ ಎರಚಿದ ಭಂಡಾರಕ್ಕೆ ದಾರಿ, ಮೈಲಾರಲಿಂಗನ ಭಕ್ತನಾದ ಗೊರವಯ್ಯನ ಕಂಬಳಿ, ಎತ್ತಿನ ಕೋಡು ಎಲ್ಲ ಹಳದಿಯಾಗಿರುತ್ತದೆ.

ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆಯೇ ಆಗಬೇಕೆ?

ಆಗಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ ನಮ್ಮ ಎಲ್ಲ ಬಣ್ಣದ ರೂಢಿಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉತ್ತರ ಕರ್ನಾಟಕದಲ್ಲಿ ಕುಬಸದ ಕಾರ್ಯ ಅನ್ನುತ್ತಾರೆ, ದಕ್ಷಿಣದಲ್ಲಿ ಸೀಮಂತ, ಬಳೆ ತೊಡಿಸುವ ಶಾಸ್ತ್ರ. ಎರಡೂ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಹಸಿರಿನ ಅರ್ಥ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಹೊಲಕ್ಕೆ ಹೋಗಬೇಕು. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ, ಬಯಲುಸೀಮೆಯಲ್ಲಿ ಶೀಗಿ ಹುಣ್ಣಿಮೆ ಎಂದು ಕರೆಯುವ ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆಗಟ್ಟುತ್ತಿರುತ್ತದೆ. ಆಗ ಭೂಮಿಯೇ ಬಸುರಿ. ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ, ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯನ್ನು ಹೊಲದಲ್ಲಿ ಎರಚುತ್ತಾರೆ. ಮನೆಯ ಬಸುರಿಗೆ ಉಡಿಸುವ ಬಣ್ಣ ಆ ಹೊಲ ಉಟ್ಟ ಬಣ್ಣ.

ಸವದತ್ತಿ ಎಲ್ಲಮ್ಮನ ಆಚರಣೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ದೇವಿ ಗಂಡನನ್ನು ಕಳೆದುಕೊಂಡಳೆಂದು ಒಂದು ಹುಣ್ಣಿಮೆಗೆ ಬಳೆ ಒಡೆಯುತ್ತಾರೆ, ಆತ ಬದುಕಿ ಬಂದನೆಂದು ಮುಂದೆ ಬರುವ ಮುತ್ತೈದೆ ಹುಣ್ಣಿಮೆಗೆ ಮತ್ತೆ ಹಸಿರು ಬಳೆ ತೊಡುತ್ತಾರೆ. ಜೀವ ಮರಳಿತು ಅನ್ನುವುದನ್ನು ಆ ಊರು ಹಸಿರಿನಲ್ಲೇ ಹೇಳುತ್ತದೆ.

ಅಂಗಡಿಯಲ್ಲಿ ಗಿಳಿಹಸಿರು, ಪಾಚಿಹಸಿರು, ಬಾಟಲಿ ಹಸಿರು ಎಲ್ಲ ಸಿಗುತ್ತವೆ. ಯಾವುದಾದರೂ ನಡೆಯುತ್ತದೆ. ಬಸುರಿಗೆ ಸೆಕೆ ಹೆಚ್ಚು, ಸೀರೆ ಹಗುರವಾಗಿರಲಿ, ಅದು ಬಣ್ಣಕ್ಕಿಂತ ಮುಖ್ಯ.

ಹಬ್ಬಕ್ಕೆ, ಮದುವೆಗೆ ಕಪ್ಪು ಬಟ್ಟೆ ಹಾಕಿದರೆ ಅಶುಭವೇ?

ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವ ಪ್ರಶ್ನೆ ಇದು. ಮದುವೆ, ಗೃಹಪ್ರವೇಶದಂಥ ಶುಭಕಾರ್ಯಕ್ಕೆ ಅಪ್ಪಟ ಕಪ್ಪು ಬೇಡ ಅನ್ನುವುದು ಬಹಳ ಮನೆಗಳ ರೂಢಿ, ನಿಜ. ಅದನ್ನೇ ಹಿಡಿದುಕೊಂಡು ಕಪ್ಪು ಕೆಟ್ಟ ಬಣ್ಣ ಅನ್ನುವುದು ಮಾತ್ರ ಸರಿಯಲ್ಲ, ಯಾಕೆಂದರೆ ನಮ್ಮಲ್ಲಿ ಕಾಪಾಡುವ ಬಣ್ಣವೂ ಕಪ್ಪೇ. ತಾಳಿಯ ಜೊತೆ ಕರಿಮಣಿ ಪೋಣಿಸುತ್ತೇವೆ. ಕೂಸಿನ ಕೆನ್ನೆಗೆ, ಅಂಗಾಲಿಗೆ ದೃಷ್ಟಿಬೊಟ್ಟು ಇಡುತ್ತೇವೆ. ಹೊಸದಾಗಿ ಕಟ್ಟುವ ಮನೆಗೆ ಬೂದುಗುಂಬಳಕಾಯಿಯೋ ಗೊಂಬೆಯೋ ಕಟ್ಟುವಾಗ ಅದಕ್ಕೆ ಬರೆಯುವ ಮುಖ ಕಪ್ಪು. ಹಾಲುಮತದವರ, ಅಂದರೆ ಕುರುಬರ, ಕರಿ ಕಂಬಳಿ ಹಾಸಿದರೆ ಅದು ಗದ್ದುಗೆ, ಅದರ ಮೇಲೆ ಕೂತು ಆಡಿದ ಮಾತಿಗೆ ತಪ್ಪುವಂತಿಲ್ಲ. ಶಬರಿಮಲೆಗೆ ಮಾಲೆ ಹಾಕಿದವರು ವ್ರತ ಮುಗಿಯುವ ತನಕ ಕಪ್ಪು ಉಟ್ಟೇ ದೇವಸ್ಥಾನಕ್ಕೆ ಹೋಗುತ್ತಾರೆ, ಅವರನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ.

ಇನ್ನು ಹಬ್ಬದ ಮಾತು. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆ ಸಂಕ್ರಾಂತಿಗೆ ಕರಿ ಇಳಕಲ್ ಸೀರೆ, ಅಂದರೆ ಚಂದ್ರಕಾಳಿ ಉಡುವುದುಂಟು. ಮಹಾರಾಷ್ಟ್ರದಲ್ಲೂ ಇದೇ ವಾಡಿಕೆ. ಚಳಿಗಾಲದ ಹಬ್ಬವಾದ್ದರಿಂದ ಕಪ್ಪು ಬಟ್ಟೆ ಮೈ ಬೆಚ್ಚಗಿಡುತ್ತದೆ ಎಂದು ಹಿರಿಯರು ಕಾರಣ ಹೇಳುತ್ತಾರೆ. ಆ ಸೀಮೆಯಲ್ಲಿ ಹಬ್ಬದ ಸೀರೆಯಾದದ್ದು ಮೈಸೂರಿನ ಬೀಗರ ಮನೆಯಲ್ಲಿ ಅಪಶಕುನವಾದರೆ ತಪ್ಪು ಸೀರೆಯದಲ್ಲ. ಹೊಸ ಸೊಸೆ ಬೇರೆ ಸೀಮೆಯವಳಾದರೆ ಅತ್ತೆಯಾದವರು ಈ ಒಂದು ವಿಷಯವನ್ನು ದಯವಿಟ್ಟು ನೆನಪಿಡಿ.

ಗರ್ಭಗುಡಿಗೆ ಹೋದರೂ ಅಷ್ಟೆ. ಮೂಲವಿಗ್ರಹಗಳಲ್ಲಿ ಬಹಳಷ್ಟು ಕೃಷ್ಣಶಿಲೆಯವು. 2024ರಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನ ವಿಗ್ರಹವನ್ನು ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು ಮೈಸೂರು ಸೀಮೆಯ ಕರಿಕಲ್ಲಿನಲ್ಲಿ.

ಬಿಳಿ ಸೀರೆ ವಿಧವೆಯರ ಬಣ್ಣ ಅನ್ನುತ್ತಾರಲ್ಲ?

ಬಂಗಾಳದಲ್ಲಿ, ಉತ್ತರ ಭಾರತದ ಅನೇಕ ಕಡೆ ಹಾಗಿತ್ತು. ನಮ್ಮಲ್ಲಿ ಎಲ್ಲೆಡೆ ಹಾಗಿರಲಿಲ್ಲ. ಕರ್ನಾಟಕದ ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಉಡಿಸುತ್ತಿದ್ದುದು ಕೆಂಪು ಸೀರೆ. ಮಡಿ ಹೆಂಗಸರ ಕೆಂಪು ಸೀರೆಯನ್ನು ನೋಡಿದ ನೆನಪು ಇವತ್ತಿಗೂ ಅನೇಕ ಹಿರಿಯರಿಗೆ ಇದೆ. ಮದುವಣಗಿತ್ತಿಯ ಬಣ್ಣವೂ ಕೆಂಪು, ಆಕೆಯದೂ ಕೆಂಪು. ಬಣ್ಣಕ್ಕೆ ಸ್ವಂತ ಅರ್ಥ ಇಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಹುಟ್ಟಿದಾಗಿನಿಂದ ಇಟ್ಟುಕೊಂಡು ಬಂದ ಕುಂಕುಮ, ಮುಡಿದ ಹೂವು, ತೊಟ್ಟ ಬಳೆ ಗಂಡನ ಜೊತೆ ಬಂದದ್ದಲ್ಲ, ಗಂಡನ ಜೊತೆ ಹೋಗಬೇಕಾದ್ದೂ ಇಲ್ಲ. ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವಾಗ ಪಕ್ಕದ ಮನೆಯ ಒಬ್ಬರನ್ನು ಮಾತ್ರ ಬಿಟ್ಟು ಕರೆಯುವುದು ಎಷ್ಟು ನೋವು ಕೊಡುತ್ತದೆ ಅನ್ನುವುದು ಬಿಟ್ಟುಹೋದವರಿಗೆ ಗೊತ್ತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿತು. ದೇವರ ಎದುರು ನಡೆಯುವುದು ನಮ್ಮ ನಡುಮನೆಯಲ್ಲಿ ನಡೆಯದೇ?

ಬಿಳಿ ಸೀರೆ ಉಡಬಹುದೇ ಎಂದರೆ ಧಾರಾಳವಾಗಿ ಉಡಿ. ಸರಸ್ವತಿ ಉಟ್ಟದ್ದೂ ಬಿಳಿಯೇ.

ಪ್ರೀತಿಯ ಬಣ್ಣ ಕೆಂಪು, ಕೋಪದ್ದೂ ಕೆಂಪು. ಹೇಗೆ?

ಪ್ರೀತಿಗೆ ಕೆಂಪು ಗುಲಾಬಿ ಬಂದದ್ದು ಪಶ್ಚಿಮದಿಂದ. ನಮ್ಮ ಹಳೆಯ ಲೆಕ್ಕ ಬೇರೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಕ್ಕೊಂದು ಬಣ್ಣ ಹೇಳಿದೆ. ಅಲ್ಲಿ ಕೆಂಪು ರೌದ್ರಕ್ಕೆ. ಶೃಂಗಾರದ ಬಣ್ಣ ಶ್ಯಾಮ, ಮಳೆಮೋಡದ ಬಣ್ಣ. ಹಾಸ್ಯ ಬಿಳಿ, ವೀರ ಹೊಂಬಣ್ಣ, ಭಯಾನಕ ಕಪ್ಪು, ಬೀಭತ್ಸ ನೀಲಿ, ಅದ್ಭುತ ಹಳದಿ. ಕರುಣಕ್ಕೆ ಪಾರಿವಾಳದ ಬೂದು.

ಈ ಪಟ್ಟಿಯನ್ನು ನಿಧಾನಕ್ಕೆ ಓದಿದರೆ ಮನಸ್ಸಿಗೆ ನಾಟುವುದು ಶೃಂಗಾರದ ಬಣ್ಣ. ಕಾದು ಬಿರಿದ ನೆಲದ ಮೇಲೆ ಮೋಡ ಕವಿದಾಗ ಆಗುವ ಹಿಗ್ಗು ಗೊತ್ತಿದ್ದವರು ಮಾತ್ರ ಪ್ರೀತಿಗೆ ಆ ಬಣ್ಣ ಕೊಡಬಲ್ಲರು. ನಮ್ಮ ಕೃಷ್ಣ ನೀಲಮೇಘಶ್ಯಾಮನಾದದ್ದೂ ಈ ನೆಲದ ಹವೆಗೆ ಹೊಂದುತ್ತದೆ. ಕರುಣಕ್ಕೆ ಕಪ್ಪಲ್ಲದೆ ಬೂದು ಕೊಟ್ಟದ್ದೂ ಯೋಚಿಸಬೇಕಾದ್ದು: ದುಃಖ ಬಂದಾಗ ಕತ್ತಲೆಯಾಗುವುದಕ್ಕಿಂತ ಎಲ್ಲ ಬಣ್ಣವೂ ಮಾಸುವುದೇ ಹೆಚ್ಚು.

ಯಕ್ಷಗಾನದ ಮುಖವರ್ಣಿಕೆಯಲ್ಲಿ ಬಣ್ಣಕ್ಕೆ ಅರ್ಥವಿದೆಯೇ?

ಇದೆ, ಆದರೆ ಬಣ್ಣಕ್ಕಿಂತ ಬಣ್ಣ ಹಾಕುವ ಬಗೆಯಲ್ಲಿ ಹೆಚ್ಚು ಅರ್ಥವಿದೆ. ರಾಕ್ಷಸ ಪಾತ್ರಗಳ ವೇಷಕ್ಕೇ ಬಣ್ಣದ ವೇಷ ಎಂದು ಹೆಸರು. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಕಲಾವಿದ ಕನ್ನಡಿ ಹಿಡಿದು ಕೂತು ತನ್ನ ಮುಖಕ್ಕೆ ತಾನೇ ಬರೆದುಕೊಳ್ಳುತ್ತಾನೆ. ಕೆಂಪು, ಕಪ್ಪು, ಬಿಳಿ ಹಚ್ಚಿ ಆದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹಿಟ್ಟಿನಿಂದ ಚಿಟ್ಟಿ ಇಡುತ್ತಾನೆ. ಸಣ್ಣ ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಎಬ್ಬಿಸುತ್ತ ಹೋಗಬೇಕು, ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹಿಡಿಯುವ ಕೆಲಸ. ರಂಗಸ್ಥಳದ ಬೆಳಕಿನಲ್ಲಿ ಆ ಬಿಳಿ ಮುಳ್ಳುಗಳು ಕೆಂಪಿನ ಮೇಲೆ ಎದ್ದು ನಿಂತಾಗ ಮನುಷ್ಯನ ಮುಖ ಮಾಯವಾಗುತ್ತದೆ. ನೆರೆಯ ಕಥಕ್ಕಳಿಯಲ್ಲಿ ಧೀರೋದಾತ್ತ ನಾಯಕರಿಗೆ ಹಸಿರು ಮುಖ, ಆ ವೇಷದ ಹೆಸರೇ ಪಚ್ಚ. ತುಳುನಾಡಿನ ಭೂತಕೋಲದಲ್ಲಿ ಮುಖಕ್ಕೆ ಅರದಾಳವೆಂಬ ಖನಿಜದ ಹಳದಿ.

ನವರಾತ್ರಿಗೆ ದಿನಕ್ಕೊಂದು ಬಣ್ಣ ಶಾಸ್ತ್ರದಲ್ಲಿ ಹೇಳಿದೆಯೇ?

ಇಲ್ಲ. ದೇವೀ ಮಾಹಾತ್ಮ್ಯೆಯಲ್ಲಿ ಭಕ್ತರು ಯಾವ ದಿನ ಯಾವ ಬಣ್ಣದ ಸೀರೆ ಉಡಬೇಕೆಂಬ ಪಟ್ಟಿ ಎಲ್ಲೂ ಇಲ್ಲ. ಪ್ರತಿ ವರ್ಷ ವಾರಕ್ಕೆ ತಕ್ಕಂತೆ ಬದಲಾಗುವ ಈ ಪಟ್ಟಿ ಮಹಾರಾಷ್ಟ್ರದಲ್ಲಿ ಪತ್ರಿಕೆಗಳ ಮೂಲಕ ಜನಪ್ರಿಯವಾಗಿ ಈಚಿನ ದಶಕಗಳಲ್ಲಿ ನಮ್ಮ ಕಚೇರಿ, ಬ್ಯಾಂಕು, ಕಾಲೇಜುಗಳಿಗೆ ಬಂತು. ಗೆಳತಿಯರೆಲ್ಲ ಒಂದೇ ಬಣ್ಣ ಉಟ್ಟು ಫೋಟೊ ತೆಗೆಸಿಕೊಳ್ಳುವುದು ಸಂತೋಷದ ಸಂಗತಿಯೇ, ಬಿಡಬೇಡಿ. ಆದರೆ ಆ ಬಣ್ಣದ ಸೀರೆ ಇಲ್ಲವೆಂದು ಸಾಲ ಮಾಡಿ ತರಬೇಡಿ, ಉಡದ ಸಹೋದ್ಯೋಗಿಯನ್ನು ಪಕ್ಕಕ್ಕೆ ಸರಿಸಬೇಡಿ.

ವಾರಕ್ಕೊಂದು, ಗ್ರಹಕ್ಕೊಂದು ಬಣ್ಣ?

ನವಗ್ರಹ ಪೂಜೆಯಲ್ಲಿ ಸೂರ್ಯ, ಕುಜರಿಗೆ ಕೆಂಪು, ಚಂದ್ರ, ಶುಕ್ರರಿಗೆ ಬಿಳಿ, ಬುಧನಿಗೆ ಹಸಿರು, ಗುರುವಿಗೆ ಹಳದಿ, ಶನಿಗೆ ಕಪ್ಪು. ಧಾನ್ಯಗಳೂ ಬಣ್ಣಕ್ಕೆ ಹೊಂದುತ್ತವೆ: ಬುಧನಿಗೆ ಹೆಸರುಕಾಳು, ಗುರುವಿಗೆ ಕಡಲೆ, ಶನಿಗೆ ಎಳ್ಳು. ಇದು ಪೂಜೆಯ ಕ್ರಮ. ಸಂದರ್ಶನಕ್ಕೆ ಹೋಗುವ ದಿನ ಅಂಗಿಯ ಬಣ್ಣದಿಂದ ಕೆಲಸ ಸಿಗುತ್ತದೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬಾಟಲಿ ಬಣ್ಣ ಬರುವ ಮುಂಚೆ ನಮ್ಮವರು ಬಣ್ಣ ಎಲ್ಲಿಂದ ತರುತ್ತಿದ್ದರು?

ಕಾಲ ಕೆಳಗಿಂದ, ಅಡುಗೆಮನೆಯಿಂದ, ಕಾಡಿನಿಂದ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಗೋಡೆಗೆ ಕೆಮ್ಮಣ್ಣು ಸಾರಿಸಿ ಒಣಗಿಸುತ್ತಾರೆ. ಅಕ್ಕಿ ನೆನೆಸಿ ರುಬ್ಬಿದರೆ ಬಿಳಿ, ಅದೇ ಅಕ್ಕಿಯನ್ನು ಕರಿಯಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿನಾರಿನದು. ಈ ನಾಲ್ಕೇ ಬಣ್ಣದಲ್ಲಿ ಮದುವೆ ಮನೆಯ ಗೋಡೆ ಸಿದ್ಧ. ಗೆರೆ ಎಳೆಯುವಾಗ ಕೈ ಎತ್ತದೆ, ನಾರಿನ ಎಳೆ ನೆಲದ ಕಡೆಗೆ ಜೋತುಬೀಳದಂತೆ ಹಿಡಿದು ಸಾಗಬೇಕು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುವುದೂ ಇದೇ ಚಿತ್ತಾರ.

ಚನ್ನಪಟ್ಟಣದ ಗೊಂಬೆಯವರು ಅರಗಿಗೆ ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬೆರೆಸಿ, ತಿರುಗುವ ಹಾಲೆ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಕೂಸು ಬಾಯಿಗೆ ಇಟ್ಟರೂ ಭಯವಿಲ್ಲ ಅನ್ನುವ ನಂಬಿಕೆ ಈ ಬಣ್ಣಗಳಿಂದ ಬಂದದ್ದು. ಕೊಳ್ಳುವಾಗ ಸಸ್ಯಮೂಲದ ಬಣ್ಣವೇ ಎಂದು ಕೇಳಿ ಕೊಳ್ಳಿ.

ಹೋಳಿಯ ಬಣ್ಣಕ್ಕೆ ಏನರ್ಥ?

ಯಾರು ಯಾರೆಂದು ಗುರುತು ಸಿಗದಂತೆ ಮಾಡುವುದೇ ಅದರ ಅರ್ಥ ಅನ್ನಬೇಕು. ಕಾಮಣ್ಣನನ್ನು ಸುಟ್ಟ ಮೇಲೆ ಬಾಗಲಕೋಟೆಯಲ್ಲಿ ಓಣಿ ಓಣಿಯವರು ದಿನ ಹಂಚಿಕೊಂಡು, ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಣ್ಣದ ಬ್ಯಾರೆಲ್ ಇಟ್ಟುಕೊಂಡು ಬೀದಿಯಲ್ಲಿ ಎದುರುಬದುರು ಎರಚಾಡುತ್ತಾರೆ. ಹಲಗೆಯ ಸದ್ದಿಗೆ ಊರೇ ಹೊರಗಿರುತ್ತದೆ. ಕಣ್ಣಿಗೆ, ಚರ್ಮಕ್ಕೆ ತೊಂದರೆ ಬೇಡವೆಂದರೆ ಮುತ್ತುಗದ ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಸರಿಯಾಗಿ ಹೋಳಿಯ ಹೊತ್ತಿಗೇ ಅರಳುವ ಹೂವು ಅದು, ಬೆಳಿಗ್ಗೆಗೆ ನೀರು ಕೇಸರಿಯಾಗಿರುತ್ತದೆ. ಬೇಡ ಅಂದವರ ಮೇಲೆ, ಓಡಲಾಗದ ಬೀದಿನಾಯಿ ಮೇಲೆ ಎರಚಬೇಡಿ.

ಕೇಸರಿ, ಹಸಿರು, ನೀಲಿ ಒಂದೊಂದು ಜನರಿಗೆ ಸೇರಿದ ಬಣ್ಣಗಳೇ?

ಸಂಘಟನೆಗಳು ಬಣ್ಣವನ್ನು ಎತ್ತಿಕೊಳ್ಳುತ್ತವೆ, ಅದರಲ್ಲಿ ತಪ್ಪಿಲ್ಲ. ಹಸಿರು ಶಾಲು ಹೆಗಲ ಮೇಲಿದ್ದರೆ ರೈತ ಸಂಘದವರೆಂದು ನಮಗೆ ತಕ್ಷಣ ತಿಳಿಯುತ್ತದೆ. 1980ರ ನರಗುಂದ, ನವಲಗುಂದದ ರೈತ ಬಂಡಾಯದ ಆಸುಪಾಸಿನಲ್ಲಿ ಹುಟ್ಟಿದ ಚಳವಳಿ ಆ ಶಾಲಿಗೆ ತೂಕ ಕೊಟ್ಟಿತು. ನೀಲಿ ಬಾವುಟ ಅಂಬೇಡ್ಕರ್ ಅವರು 1942ರಲ್ಲಿ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಕಾಲದಿಂದ ದಲಿತ ಸ್ವಾಭಿಮಾನದ ಗುರುತು. ದರ್ಗಾಕ್ಕೆ ಹೊದಿಸುವ ಚಾದರ ಹಸಿರು, ಎಲ್ಲಮ್ಮನಿಗೆ ಏರಿಸುವ ಸೀರೆಯೂ ಹಸಿರು. ಕೆಲವು ಊರುಗಳಲ್ಲಿ ಎರಡಕ್ಕೂ ಬಟ್ಟೆ ಒಂದೇ ಅಂಗಡಿಯಿಂದ ಹೋಗುತ್ತದೆ.

ರಾಷ್ಟ್ರಧ್ವಜದ ಕತೆ ಇಲ್ಲಿ ಹೇಳಲೇಬೇಕು. 1921ರಲ್ಲಿ ಪಿಂಗಳಿ ವೆಂಕಯ್ಯ ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೆಂಪು, ಹಸಿರು ಒಂದೊಂದು ಧರ್ಮವನ್ನು ಸೂಚಿಸುತ್ತಿದ್ದವು. ಅದು ಸಲ್ಲದೆಂಬ ಚರ್ಚೆ ಬೆಳೆದು, 1931ರಲ್ಲಿ ಬಣ್ಣಗಳಿಗೆ ಮತದ ಅರ್ಥವಿಲ್ಲವೆಂದು ಕಾಂಗ್ರೆಸ್ ಸ್ಪಷ್ಟವಾಗಿ ತೀರ್ಮಾನಿಸಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಒಪ್ಪಿದಾಗ ರಾಧಾಕೃಷ್ಣನ್ ಅವರು ಕೇಸರಿಯನ್ನು ತ್ಯಾಗಕ್ಕೆ, ಬಿಳಿಯನ್ನು ಸತ್ಯದ ದಾರಿ ತೋರುವ ಬೆಳಕಿಗೆ, ಹಸಿರನ್ನು ಮಣ್ಣಿನೊಡನೆ ನಮಗಿರುವ ನಂಟಿಗೆ ಹೊಂದಿಸಿ ಹೇಳಿದರು. ಒಂದು ದೇಶ ಕೂತು ಮಾತಾಡಿ ಬಣ್ಣದ ಅರ್ಥವನ್ನು ಬದಲಿಸಿದ್ದು ಹೀಗೆ. ಆ ಮೂರು ಬಣ್ಣದ ಖಾದಿ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅನ್ನುವುದು ಹೆಮ್ಮೆಯ ವಿಷಯ.

ಕನ್ನಡ ಬಾವುಟದ ಹಳದಿ, ಕೆಂಪು?

ಅರಿಶಿನ, ಕುಂಕುಮ. ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ್ದು. ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರುವ ಬಾವುಟವನ್ನು 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಒಪ್ಪಿ ಕೇಂದ್ರಕ್ಕೆ ಕಳಿಸಿತ್ತು. ನವೆಂಬರಿನಲ್ಲಿ ಆಟೊ ಸ್ಟ್ಯಾಂಡಿನಿಂದ ಹಿಡಿದು ಎಲ್ಲೆಡೆ ಹಾರುವುದು ಎರಡು ಬಣ್ಣದ್ದೇ.

ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ನಮ್ಮ ಪದ್ಧತಿಯೇ?

ಅಲ್ಲ. ಪಶ್ಚಿಮದಲ್ಲೂ ಅದು ಹಳೆಯದಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರದ ಪತ್ರಿಕೆಯೊಂದು ಗಟ್ಟಿ ಬಣ್ಣವಾದ ಗುಲಾಬಿ ಹುಡುಗರಿಗೆ, ನಾಜೂಕಾದ ನೀಲಿ ಹುಡುಗಿಯರಿಗೆ ಎಂದು ಬರೆದಿತ್ತು! ನಮ್ಮ ತೊಟ್ಟಿಲಿಗೆ ಕಟ್ಟುತ್ತಿದ್ದುದು ಅಜ್ಜಿಯ ಹಳೆ ಸೀರೆ, ಅದು ಯಾವ ಬಣ್ಣವಾದರೂ ಸರಿ. ಹುಟ್ಟುವ ಮುಂಚೆಯೇ ಗುಲಾಬಿ, ನೀಲಿ ಬಲೂನು ಒಡೆದು ಮಗು ಯಾವುದೆಂದು ಸಾರುವ ಪಾರ್ಟಿ ಅಮೆರಿಕದ ಕನ್ನಡದ ಮನೆಗಳಿಗೂ ಬಂದಿದೆ. ಭಾರತದಲ್ಲಿ ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಯಾಕೆ ಬೇಕಾಯಿತೆಂಬುದನ್ನು ನೆನೆದರೆ ಇಲ್ಲಿ ಆ ಬಲೂನು ಬೇಡವೆನಿಸುತ್ತದೆ.

ಬಣ್ಣದಿಂದ ಮನಸ್ಸು ಬದಲಾಗುತ್ತದೆಂದು ವಿಜ್ಞಾನ ಹೇಳುತ್ತದಲ್ಲ?

ಹೇಳಿದ್ದಕ್ಕಿಂತ ಹೇಳಿಸಿದ್ದೇ ಹೆಚ್ಚು. ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯೊಂದರಲ್ಲಿ 1979ರಲ್ಲಿ ಕೋಣೆಗೆ ಗುಲಾಬಿ ಬಣ್ಣ ಬಳಿದರೆ ಕೈದಿಗಳು ಶಾಂತರಾಗುತ್ತಾರೆಂದು ಪ್ರಚಾರವಾಯಿತು. ಆಮೇಲೆ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ಕಣ್ಣಿನ ವಿಷಯದಲ್ಲಿ ಮಾತ್ರ ಖಚಿತವಾಗಿ ಹೇಳಬಹುದಾದ್ದು ಇದೆ. ಹಗಲಲ್ಲಿ ನಮ್ಮ ಕಣ್ಣಿಗೆ ಅತಿ ಚುರುಕಾಗಿ ಕಾಣುವುದು ಹಳದಿ ಬೆರೆತ ಹಸಿರು, ಸುಮಾರು 555 ನ್ಯಾನೊಮೀಟರಿನ ಬೆಳಕು. ಮುಸ್ಸಂಜೆ ಆಗುತ್ತಿದ್ದಂತೆ ಲೆಕ್ಕ ಬದಲಾಗುತ್ತದೆ. ಹಿತ್ತಲಿನ ಕೆಂಪು ದಾಸವಾಳದ ಎದುರು ಇಳಿಹೊತ್ತಿನಲ್ಲಿ ಸ್ವಲ್ಪ ನಿಂತು ನೋಡಿ. ಹಗಲೆಲ್ಲ ಉರಿಯುತ್ತಿದ್ದ ಹೂವು ಮೊದಲು ಕಪ್ಪಾಗುತ್ತದೆ, ಎಲೆಗಳು ಇನ್ನೂ ಕಾಣುತ್ತಿರುತ್ತವೆ. ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಹಾಗಾಗಿ ಗೋಡೆಗೆ ಬಣ್ಣ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನಿರ್ಧರಿಸಬೇಡಿ. ಗೋಡೆಯ ಮೇಲೆ ಒಂದು ಮೊಳ ಬಳಿಸಿ ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ.

ನಾನು ಕಪ್ಪಗಿದ್ದೇನೆ. ಯಾವ ಬಣ್ಣ ಒಪ್ಪುತ್ತದೆ?

ಕೇಳುವವರ ದನಿ ಸಣ್ಣದಾಗುವುದು ಈ ಪ್ರಶ್ನೆಯಲ್ಲೇ. ಹೆಣ್ಣು ನೋಡುವ ಶಾಸ್ತ್ರದಲ್ಲಿ, ವರಾನ್ವೇಷಣೆಯ ಜಾಹೀರಾತಿನಲ್ಲಿ ಗೋಧಿ ಬಣ್ಣ, ಎಣ್ಣೆಗೆಂಪು, ಬೆಳ್ಳಗೆ ಎಂದು ಮನುಷ್ಯರನ್ನು ವಿಂಗಡಿಸಿ ಈ ಗಾಯ ಮಾಡಿದವರು ನಾವೇ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ಫೇರ್ ಪದವನ್ನು ಕೈಬಿಡಲು 2020 ಬರಬೇಕಾಯಿತು. ಬಸುರಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಅನ್ನುವುದು ಸುಳ್ಳು, ಮೈಬಣ್ಣ ತಂದೆತಾಯಿಯಿಂದ ಬರುವುದು. ಆಕಳು ಕಪ್ಪಾದರೆ ಹಾಲು ಕಪ್ಪೇ ಎಂದು ಗಾದೆ ಕಟ್ಟಿದ ಜನ ಇಷ್ಟು ತಿಳಿಯದವರಲ್ಲ.

ಬಟ್ಟೆಯ ಮಾತಿಗೆ ಬಂದರೆ, ಕಪ್ಪು ಮೈಗೆ ಗಾಢ ಬಣ್ಣ ಉಡಬಾರದೆಂಬ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಸಾಸಿವೆ ಹಳದಿ, ದಾಳಿಂಬೆ ಕೆಂಪು, ನವಿಲುನೀಲಿ, ಅಚ್ಚ ಬಿಳಿ ಇವೆಲ್ಲ ಕಪ್ಪು ಮೈಮೇಲೆ ಬೆಳಗುವಷ್ಟು ಇನ್ನೆಲ್ಲೂ ಬೆಳಗುವುದಿಲ್ಲ. ಇಳಕಲ್ ಸೀರೆ ಉಟ್ಟು ಹೊಲದಿಂದ ಬರುವ ಹೆಂಗಸರನ್ನು ನೋಡಿ.

ಪರದೇಶದಲ್ಲಿದ್ದೇವೆ. ಬಣ್ಣದ ವಿಷಯದಲ್ಲಿ ಎಚ್ಚರ ಬೇಕಾದ್ದು ಏನು?

ಮುಯ್ಯಿ ಮಾಡುವಾಗ ಮೊದಲು. ಚೀನೀ ಗೆಳೆಯರ ಮದುವೆಗೆ ಹಣವನ್ನು ಬಿಳಿ ಲಕೋಟೆಯಲ್ಲಿ ಕೊಡಬೇಡಿ, ಅದು ಅವರಲ್ಲಿ ಸಾವಿನ ಮನೆಗೆ ಕೊಡುವುದು. ಶುಭಕ್ಕೆ ಕೆಂಪು ಲಕೋಟೆ. ಯುರೋಪಿನ ಸಾವಿಗೆ ಕಪ್ಪು ಉಡುಪು ಸಲ್ಲುತ್ತದೆ. ಅಲ್ಲಿನ ಮದುವೆಗೆ ಅತಿಥಿಯಾಗಿ ಹೋಗುವಾಗ ಅಚ್ಚ ಬಿಳಿ ಬೇಡ, ಅದು ವಧುವಿನ ಬಣ್ಣ. ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿ ಉಟ್ಟು ಮದುವೆಯಾದ ಮೇಲೆ ಬಲವಾಗಿ ಬೇರೂರಿದ ರೂಢಿ ಅದು.

ಹೂವಿನ ವಿಷಯದಲ್ಲಿ ನಮ್ಮವರು ಎಡವುವುದು ಸೇವಂತಿಗೆಯಲ್ಲಿ. ನಮಗದು ದೇವರ ಹೂವು, ಮುಡಿಯುವ ಹೂವು. ಫ್ರಾನ್ಸ್, ಇಟಲಿಯಲ್ಲಿ ಸಮಾಧಿಯ ಹೂವು. ನವೆಂಬರ್ 1ರಂದು ಅಲ್ಲಿನವರು ತೀರಿಕೊಂಡವರನ್ನು ನೆನೆದು ಸಮಾಧಿಗಳಿಗೆ ಸೇವಂತಿಗೆ ಇಡುತ್ತಾರೆ. ಅದೇ ದಿನ ನಮಗೆ ರಾಜ್ಯೋತ್ಸವ. ಅಲ್ಲಿನ ಕನ್ನಡ ಸಂಘದವರು ಭುವನೇಶ್ವರಿಯ ಪಟಕ್ಕೆ ಹಳದಿ ಸೇವಂತಿಗೆ ತರಲು ಹೋದರೆ ಆ ವಾರ ಅಂಗಡಿಯ ತುಂಬ ಅದೇ ಸಿಗುತ್ತದೆ, ನಿಶ್ಚಿಂತೆಯಿಂದ ತನ್ನಿ. ಕಾರ್ಯಕ್ರಮಕ್ಕೆ ಬಂದ ಅಲ್ಲಿನ ಮುಖ್ಯ ಅತಿಥಿಯ ಕೈಗೆ ಮಾತ್ರ ಬೇರೆ ಹೂವಿನ ಗುಚ್ಛ ಕೊಡಿ.